ಮಳೆಮಾಪಕ: ಹದಿನಾರು ತಿಂಗಳು ಬಳಸಿದ ಮೇಲೆ

ಪಾಂಡವಪುರದ ಹತ್ತಿರ ನಮ್ಮದೊಂದು ಸಣ್ಣ ಆಲೆಮನೆ ಇದೆ. ಆಲೆಮನೆಯವರಿಗೆ ಮಳೆ ಅಂದರೆ ಮೊದಲು ರಚ್ಚಿನ, ಅಂದರೆ ಹಿಂಡಿದ ಕಬ್ಬಿನ ಸಿಪ್ಪೆಯ, ಚಿಂತೆ. ಗಾಣದಿಂದ ಬಂದ ರಚ್ಚನ್ನು ಬಯಲಲ್ಲಿ ಹರಡಿ, ಎರಡು ಮೂರು ದಿನ ಒಣಗಿಸಿ, ಅದನ್ನೇ ಒಲೆಗೆ ಹಾಕುತ್ತೇವೆ. ಅದು ನೆನೆದರೆ ಒಲೆ ಬರೀ ಹೊಗೆಯಾಡುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಹದಕ್ಕೆ ಬರುವುದಿಲ್ಲ, ಬೆಲ್ಲದ ಬಣ್ಣವೂ ಕೆಡುತ್ತದೆ. ಅದಕ್ಕೇ ದಿನಾ ಸಂಜೆ ಫೋನಿನಲ್ಲಿ ಹವಾಮಾನ ನೋಡುವುದು ರೂಢಿ. ಆದರೆ ಆ ಆ್ಯಪ್ ಹೇಳುವುದು ಎಷ್ಟು ನಿಜ ಅಂತ ಅಳೆದು ನೋಡಿರಲಿಲ್ಲ. ಕಳೆದ ವರ್ಷ ಜೂನ್‌ನಲ್ಲಿ ಮೈಸೂರಿನ ಒಂದು ಅಂಗಡಿಯಿಂದ ಮಳೆಮಾಪಕ ತಂದೆ. ಶಾಲೆಗಳ ಪ್ರಯೋಗಾಲಯಕ್ಕೆ ಸಾಮಾನು ಕೊಡುವ ಅಂಗಡಿ ಅದು. 2,200 ರೂಪಾಯಿ ಆಯಿತು.

ಫೈಬರ್ ಮೈ, ಹಿತ್ತಾಳೆ ಅಂಚಿನ ಲಾಳಿಕೆ, ಒಳಗೆ ನೀರು ಸೇರುವ ಬಾಟಲಿ, ಜೊತೆಗೆ ಗೆರೆ ಹಾಕಿದ ಅಳತೆ ಗಾಜು. ಬ್ಯಾಟರಿ ಇಲ್ಲ, ವೈರ್ ಇಲ್ಲ. ಕೆಡುವಂಥದ್ದು ಏನೂ ಇಲ್ಲ. ಅಂಚು ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ ಬರುವ ಹಾಗೆ ಸಿಮೆಂಟ್ ಹಾಕಿ ಕೂರಿಸಿದೆ. ತೆಂಗಿನ ಮರಗಳಿಂದ ಆದಷ್ಟು ದೂರ ಇಟ್ಟೆ. ಮರದ ಹತ್ತಿರ ಇಟ್ಟರೆ ಗಾಳಿ ಬೀಸಿದಾಗ ಮಳೆ ಸರಿಯಾಗಿ ಬೀಳುವುದಿಲ್ಲ, ಎಲೆಯಿಂದ ತೊಟ್ಟಿಕ್ಕುವ ನೀರೂ ಸೇರಿಕೊಳ್ಳುತ್ತದೆ. ಹವಾಮಾನ ಇಲಾಖೆಯವರು ದಿನದ ಲೆಕ್ಕ ತೆಗೆಯುವುದು ಬೆಳಿಗ್ಗೆ 8.30ಕ್ಕೆ. ನಾನೂ ಅದೇ ಹೊತ್ತಿಗೆ ನೋಡಿ ಡೈರಿಯಲ್ಲಿ ಬರೆದಿಡುತ್ತೇನೆ. ಪಕ್ಕದ ಕಾಲಂನಲ್ಲಿ ಹಿಂದಿನ ಸಂಜೆ ಆ್ಯಪ್ ಹೇಳಿದ್ದು.

ಮೊದಲ ನಾಲ್ಕು ತಿಂಗಳು ಆ್ಯಪ್ ಮೇಲೆ ನನಗೆ ಭಾರಿ ಸಿಟ್ಟು. ಚಿತ್ತೆ ಮಳೆಯಲ್ಲಿ ಒಂದು ರಾತ್ರಿ ಅದು 20 ಮಿ.ಮೀ. ಅಂದಿತ್ತು, ನನ್ನ ಗಾಜಿನಲ್ಲಿ 38. ಇನ್ನೊಂದು ದಿನ 6 ಅಂದಿತ್ತು, ಬಂದದ್ದು 13. ಯಾವಾಗಲೂ ಅರ್ಧವೇ ಹೇಳುತ್ತದೆ, ಇದನ್ನು ನಂಬಿ ಕೂತರೆ ಆಲೆಮನೆ ನಡೆಯಲ್ಲ ಅಂತ ಊರಲ್ಲಿ ಹತ್ತು ಜನರಿಗೆ ಹೇಳಿದ್ದೆ.

ದೀಪಾವಳಿಗೆ ಮಗಳು ಬಂದಳು. ಮಾನಸಗಂಗೋತ್ರಿಯಲ್ಲಿ ಎಂ.ಎಸ್‌ಸಿ. ಓದುತ್ತಿದ್ದಾಳೆ. ಡೈರಿ ನೋಡಿ, 'ಅಪ್ಪಾ, ಪಂಚಾಯಿತಿ ಹತ್ತಿರದ ಮಳೆಮಾಪಕದ ಲೆಕ್ಕವೂ ನಿಮ್ಮದರ ಅರ್ಧ ಇದೆಯಲ್ಲಾ' ಅಂದಳು. ಸ್ಕೇಲ್ ತಂದು ಲಾಳಿಕೆಯ ಬಾಯಿ ಅಳೆದಳು. ಸುಮಾರು 16 ಸೆಂ.ಮೀ. ಇತ್ತು, ಅಂದರೆ 200 ಚದರ ಸೆಂ.ಮೀ. ಗಾಜಿನ ಬುಡದಲ್ಲಿ ಸಣ್ಣಕ್ಷರದಲ್ಲಿ 100 ಅಂತ ಇತ್ತು. ಅಂಗಡಿಯವರು 100 ಚದರ ಸೆಂ.ಮೀ. ಬಾಯಿಯ ಬೇರೆ ಮಾಪಕದ ಗಾಜು ಕೊಟ್ಟುಬಿಟ್ಟಿದ್ದರು. 200 ಮಿ.ಲೀ. ನೀರು ಹುಯ್ದು ನೋಡಿದೆವು. 10 ಮಿ.ಮೀ. ತೋರಿಸಬೇಕಾದ ಕಡೆ 20 ಲೆಕ್ಕ ಬಂತು. ನಾಲ್ಕು ತಿಂಗಳು ನಾನು ಬರೆದದ್ದೆಲ್ಲ ಎರಡು ಪಟ್ಟು. ತಪ್ಪು ನನ್ನ ಅಳತೆಯದು, ಬೈಸಿಕೊಂಡದ್ದು ಮುನ್ಸೂಚನೆ.

ಆವತ್ತು ರಾತ್ರಿ ಅವಳು ಹೇಳಿದ ವಿಷಯ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಭೂಮಿ ಬಿಸಿಯಾಗುತ್ತದೆ ಅಂತ ಕಂಪ್ಯೂಟರ್ ಮಾದರಿಗಳು ಹೇಳುತ್ತವಲ್ಲ, ಅವುಗಳ ವಿಷಯದಲ್ಲೂ ಹೀಗೇ ಆಗಿತ್ತಂತೆ. 1990ರ ದಶಕದಲ್ಲಿ ಉಪಗ್ರಹದಿಂದ ತೆಗೆದ ಉಷ್ಣತೆಯ ಲೆಕ್ಕ ಮಾದರಿಗಳ ಜೊತೆ ಹೊಂದುತ್ತಿರಲಿಲ್ಲ. ಮೇಲಿನ ಗಾಳಿ ಬಿಸಿಯಾಗುತ್ತಿಲ್ಲ ಅಂತ ಅದು ತೋರಿಸುತ್ತಿತ್ತು. ಮಾದರಿಗಳೇ ಸುಳ್ಳು ಅಂದವರು ಬಹಳ ಜನ. 1998ರಲ್ಲಿ ಒಂದು ಕಾರಣ ಸಿಕ್ಕಿತು. ಉಪಗ್ರಹಗಳು ವರ್ಷ ಕಳೆದ ಹಾಗೆ ಸ್ವಲ್ಪ ಸ್ವಲ್ಪ ಕೆಳಗಿಳಿಯುತ್ತಿದ್ದವು, ಅದರಿಂದ ಇಲ್ಲದ ತಂಪು ಲೆಕ್ಕಕ್ಕೆ ಸೇರುತ್ತಿತ್ತು. ಉಪಗ್ರಹ ಒಂದು ಜಾಗ ದಾಟಿ ಹೋಗುವ ಹೊತ್ತು ಕೂಡ ನಿಧಾನಕ್ಕೆ ಸರಿಯುತ್ತದೆ. ಅದಕ್ಕೆ ಮಾಡಿದ ತಿದ್ದುಪಡಿಯಲ್ಲಿ ಕೂಡುವ ಕಡೆ ಕಳೆದಿದ್ದರು ಅಂತ 2005ರಲ್ಲಿ ಗೊತ್ತಾಯಿತು. ಇದೆಲ್ಲ ಸರಿಮಾಡಿದ ಮೇಲೆ ಆ ದೊಡ್ಡ ಜಗಳ ಬಹಳಷ್ಟು ಕರಗಿತು. ಅಷ್ಟು ದೊಡ್ಡವರ ಗಾಜೂ ಬೇರೆ ಮಾಪಕದ್ದಾಗಿತ್ತು, ಅಲ್ವಾ?

ಮಾದರಿಗಳನ್ನೇ ಪರೀಕ್ಷೆ ಮಾಡಿದ ಒಂದು ಕೆಲಸದ ಬಗ್ಗೆಯೂ ಹೇಳಿದಳು. ಝೀಕ್ ಹಾಸ್‌ಫಾದರ್ ಅನ್ನುವ ಹವಾಮಾನ ವಿಜ್ಞಾನಿ ಮತ್ತು ಜೊತೆಗಾರರು 2019ರ ಕೊನೆಯಲ್ಲಿ ಪ್ರಕಟಿಸಿದ್ದು. 1970ರಿಂದ 2007ರವರೆಗೆ ಬಂದ 17 ಹಳೇ ಮುನ್ನೋಟಗಳನ್ನು ಹುಡುಕಿ ತೆಗೆದು, ಆಮೇಲೆ ನಿಜವಾಗಿ ಆದದ್ದರ ಪಕ್ಕ ಇಟ್ಟರು. 10 ಸರಿಹೊಂದಿದವು. ಅವರು ಅಲ್ಲಿಗೇ ನಿಲ್ಲಿಸಲಿಲ್ಲ ಅನ್ನುವುದು ನನಗೆ ಬಹಳ ಹಿಡಿಸಿತು. ಮಾದರಿ ತಪ್ಪಿದ್ದು ಅದರ ಲೆಕ್ಕ ಕೆಟ್ಟು ತಪ್ಪಿತೋ, ಇಲ್ಲಾ ಮನುಷ್ಯರು ಮುಂದೆ ಎಷ್ಟು ಹೊಗೆ ಬಿಡುತ್ತಾರೆ ಅನ್ನುವ ಊಹೆ ಕೆಟ್ಟು ತಪ್ಪಿತೋ ಅಂತ ಬೇರೆ ಮಾಡಿ ನೋಡಿದರು. ಹಾಗೆ ನೋಡಿದರೆ 17ರಲ್ಲಿ 14 ಸರಿ. ಅಮೆರಿಕದ ಹವಾಮಾನ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಅವರ 1988ರ ಮುನ್ನೋಟ ಬಿಸಿಯನ್ನು ಜಾಸ್ತಿ ಹೇಳಿತ್ತು. ಮುಖ್ಯ ಕಾರಣ, ಮೀಥೇನ್ ಮತ್ತು ಹಿಂದೆ ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ತರಹದ ಅನಿಲಗಳು ಅಂದುಕೊಂಡಷ್ಟು ಏರಲಿಲ್ಲ. ಆಲೆಮನೆಯಲ್ಲಿ ನಮಗೆ ಇದು ಚೆನ್ನಾಗಿ ಗೊತ್ತು. ಬೆಲ್ಲ ಕೆಟ್ಟರೆ ಮೊದಲು ಕಬ್ಬು ನೋಡಬೇಕು, ಆಮೇಲೆ ಪಾಕ ತೆಗೆದವನನ್ನು ಕೇಳಬೇಕು.

ಹಾಗಂತ ಮಾದರಿಗಳು ನಮ್ಮ ಊರಿನ ಮಳೆಯನ್ನು ಕರಾರುವಾಕ್ಕಾಗಿ ಹೇಳುತ್ತವೆ ಅಂತಲ್ಲ. ಭೂಮಿಯನ್ನೆಲ್ಲ ಲೆಕ್ಕ ಹಾಕುವ ಮಾದರಿಗಳು ನೆಲವನ್ನು ಸುಮಾರು 100 ಕಿ.ಮೀ. ಚೌಕಗಳಾಗಿ ನೋಡುತ್ತವೆ. ಮಡಿಕೇರಿಯಿಂದ ಮೈಸೂರಿಗೆ ನೇರ ಗೆರೆ ಎಳೆದರೆ ಹೆಚ್ಚುಕಮ್ಮಿ ಅಷ್ಟೇ ದೂರ. ಅಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಸುರಿಯುತ್ತದೆ, ಇಲ್ಲಿ 800ರ ಆಸುಪಾಸು. ಅಂಥ ಚೌಕದಲ್ಲಿ ಘಟ್ಟದ ಎತ್ತರವೇ ಚಪ್ಪಟೆಯಾಗಿಬಿಡುತ್ತದೆ. ಘಟ್ಟದ ಮರೆಯಲ್ಲಿ ಕೂತ ಮಂಡ್ಯ ಅದಕ್ಕೆ ಹೇಗೆ ತಾನೇ ಕಾಣಬೇಕು? ಕನ್ನಂಬಾಡಿ ಕಟ್ಟೆ ತುಂಬುವುದು ಕೊಡಗಿನ ಮಳೆಯಿಂದ, ನನ್ನ ರಚ್ಚು ನೆನೆಯುವುದು ಇಲ್ಲಿಯ ಮಳೆಯಿಂದ. ಎರಡೂ ಬೇರೆ ಪ್ರಶ್ನೆ. ಮೂವತ್ತು ವರ್ಷದ ಸರಾಸರಿ ಹೇಳುವ ಮಾದರಿಗೂ ನಾಳೆ ಸಂಜೆಯ ಮಳೆ ಹೇಳುವ ಆ್ಯಪ್‌ಗೂ ಒಂದೇ ಪರೀಕ್ಷೆ ಇಡಲು ಬರುವುದಿಲ್ಲ.

ನನ್ನ ಪ್ರಶ್ನೆ ನಾಳೆಯದು. ಅದಕ್ಕೆ ಮಗಳು ಮೂರು ಕಾಲಂ ಹಾಕಿಕೊಟ್ಟಳು: ಹೇಳಿದ್ದು ಬಂತು, ಹೇಳಿದ್ದು ಬರಲಿಲ್ಲ, ಹೇಳದೆ ಬಂತು. ಎಷ್ಟು ದಿನ ಸರಿ ಅಂತ ಸುಮ್ನೆ ಎಣಿಸಿದರೆ ಮೋಸ ಹೋಗುತ್ತೇವೆ. ನಮ್ಮ ಕಡೆ ಒಣ ದಿನಗಳೇ ಜಾಸ್ತಿ. ದಿನಾ 'ಮಳೆ ಇಲ್ಲ' ಅಂದವನೂ ಬಹಳ ದಿನ ಸರಿಯಾಗಿಯೇ ಇರುತ್ತಾನೆ. ನನಗೆ ನಷ್ಟ ಆಗುವುದು ಮೂರನೇ ಕಾಲಂನಿಂದ. ಹೇಳಿದ್ದು ಬರದಿದ್ದರೆ ಟಾರ್ಪಾಲು ಹೊದಿಸಿದ ಕೂಲಿ ಹೋಯಿತು, ಅಷ್ಟೇ. ಹೇಳದೆ ಬಂದರೆ ಎರಡು ದಿನದ ಒಲೆ ನಿಲ್ಲುತ್ತದೆ. ಹಾಗೆ ನೋಡಿದಾಗ ಆ್ಯಪ್ ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಒಳ್ಳೆಯದು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಮಾತ್ರ ಈಗಲೂ ತಪ್ಪುತ್ತದೆ. ಆ ಮಳೆ ಒಂದು ಊರಿಗೆ ಸುರಿದು ಪಕ್ಕದ ಊರನ್ನು ಬಿಟ್ಟೇ ಹೋಗುತ್ತದೆ.

ಇನ್ನು ಮಾಪಕದ ಬಗ್ಗೆ. ಅಂಗಡಿಯವರು ಗಾಜು ಬದಲಾಯಿಸಿ ಕೊಟ್ಟರು, ಆದರೆ ಅದಕ್ಕೆ ಎರಡು ಸಲ ಮೈಸೂರಿಗೆ ಹೋಗಬೇಕಾಯಿತು. ಮೈ ಗಟ್ಟಿಯಾಗಿದೆ. ಬೇಸಿಗೆಯ ಬಿಸಿಲಿಗೂ ಬಿರುಕು ಬಿಟ್ಟಿಲ್ಲ. ಲಾಳಿಕೆಯೊಳಗೆ ಇರುವೆ ಮತ್ತು ಒಣ ಎಲೆ ಸೇರುತ್ತವೆ, ವಾರಕ್ಕೊಮ್ಮೆ ತೊಳೆಯಬೇಕು. ಗಾಜಿನ ಗೆರೆಗಳ ಬಣ್ಣ ಮಾಸುತ್ತಿದೆ. ಅದನ್ನು ಬಿಸಿಲಲ್ಲಿ ಬಿಡದೆ ಮನೆಯೊಳಗೆ ಇಡಿ. ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಪೂರ್ತಿ ಆ ಗಾಜಿನದು.

ಕೊಳ್ಳಲು ಹೋಗುವವರು ಜೇಬಿನಲ್ಲಿ ಒಂದು ಸ್ಕೇಲ್ ಇಟ್ಟುಕೊಂಡು ಹೋಗಿ. ಲಾಳಿಕೆಯ ಬಾಯಿ 16 ಸೆಂ.ಮೀ. ಇದ್ದರೆ ಗಾಜಿನ ಮೇಲೆ 200 ಅಂತಿರಬೇಕು. 11 ಸೆಂ.ಮೀ. ಚಿಲ್ಲರೆ ಇದ್ದರೆ 100. ದುಡ್ಡು ಕೊಡುವ ಮೊದಲೇ ನೋಡಿಕೊಳ್ಳಿ.