ಪಾಠದ ಘಟಕಕ್ಕೆ ಯಾವ ಪ್ರಶ್ನೆ: ಅಗಲವಾದದ್ದೋ, ಮೊನಚಾದದ್ದೋ?

ಏಳನೇ ತರಗತಿಗೆ ‘ಬೆಂಗಳೂರಿನ ನೀರು’ ಎಂಬ ಘಟಕ, ಆರು ಪೀರಿಯಡ್ಡು ಅಂದುಕೊಳ್ಳಿ. ಬೋರ್ಡಿನ ಮೂಲೆಯಲ್ಲಿ ಕೊನೆಯವರೆಗೂ ಅಳಿಸದೆ ಉಳಿಯಬೇಕಾದ ಪ್ರಶ್ನೆ ಯಾವುದು?

ಮೊದಲನೆಯದು: ‘ನೀರು ನಮಗೆ ಯಾಕೆ ಮುಖ್ಯ?’ ಕೇಳಲು ಚೆಂದ. ಆದರೆ ‘ನೀರೇ ಜೀವ ಮಿಸ್’ ಎಂದು ಇಡೀ ಕ್ಲಾಸು ಒಂದೇ ರಾಗ ಎಳೆದಲ್ಲಿಗೆ ಮುಗಿಯಿತು. ಉತ್ತರ ಗೊತ್ತಿರುವ ಪ್ರಶ್ನೆಗೆ ಆರು ಪೀರಿಯಡ್ಡು ಯಾಕೆ?

ಎರಡನೆಯದು: ‘ಕಾವೇರಿ ನೀರು ಎಷ್ಟು ದೂರದಿಂದ ಬರುತ್ತದೆ?’ ಸುಮಾರು 100 ಕಿಲೋಮೀಟರ್. ಇದೂ ಬೇಕು, ಆದರೆ ಒಂದು ದಿನದ ಮಟ್ಟಿಗೆ. ಕಿರುಪರೀಕ್ಷೆಗೆ ಸರಿ, ಘಟಕವನ್ನು ಹೊರುವ ಶಕ್ತಿ ಇಲ್ಲ.

ಮೂರನೆಯದು: ‘ಅಷ್ಟೊಂದು ಕೆರೆಗಳಿದ್ದ ಊರು ದೂರದ ನದಿಗೆ ಯಾಕೆ ಕೈಚಾಚಿತು?’ ನನ್ನ ಓಟು ಇದಕ್ಕೇ. ಮಕ್ಕಳು ತಾವಾಗಿಯೇ ಉಳಿದದ್ದನ್ನು ಕೆದಕುತ್ತಾರೆ. ಧರ್ಮಾಂಬುಧಿ ಕೆರೆಯ ಜಾಗದಲ್ಲೇ ಮೆಜೆಸ್ಟಿಕ್ ಬಸ್‌ನಿಲ್ದಾಣ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎಂದು ಹಳೆಯ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿ ನೋಡಿ. ನದಿಯಿಂದ ಇಷ್ಟು ಎತ್ತರಕ್ಕೆ ನೀರೆತ್ತಲು ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಎಂಬ ಮಾತು ಹಿಂದೆಯೇ ಬರುತ್ತದೆ. ಇತಿಹಾಸ, ಭೂಗೋಳ, ಲೆಕ್ಕ ಮೂರೂ ಒಂದೇ ದಾರದಲ್ಲಿ.

ತೊಂದರೆಯೂ ಇದೆ. ‘ಕೈಚಾಚಿತು’ ಎಂಬ ಪದದಲ್ಲೇ ಸಣ್ಣ ತೀರ್ಪು ಅಡಗಿದೆ. ಜಾಣ ಮಕ್ಕಳು ಮೇಷ್ಟ್ರ ಮನಸ್ಸು ಓದಿ ಅದನ್ನೇ ಬರೆದುಬಿಡುತ್ತಾರೆ. ‘ಹೋಗಬೇಕಾಯಿತೇ?’ ಎಂದು ತಿದ್ದಿದರೆ ಎರಡೂ ಕಡೆಯ ವಾದಕ್ಕೆ ಜಾಗ ಸಿಗುತ್ತದೆ. ಕೈಯಲ್ಲಿ ಎರಡೇ ಪೀರಿಯಡ್ಡು ಇದ್ದರೆ ಮಾತ್ರ ಎರಡನೆಯದನ್ನೇ ಹಿಡಿಯಿರಿ.