ಕೆಳಗೆ ಬಿಸಿಯಾಗದ ರೇಡಿಯೇಟರ್: ಕ್ಲೀನರ್ ಬಾಟಲಿಯೋ, ಕಳಚಿ ತೊಳೆಯೋದೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಳಚಿ ತೊಳೆಯೋದಕ್ಕೆ. ಅದು ಗೊತ್ತಾಗುವ ಮುಂಚೆ, ಹೀಟಿಂಗಿನ ನೀರಿಗೆ ಸುರಿಯುವ ಕ್ಲೀನರ್ ಬಾಟಲಿಗೆ ದುಡ್ಡು ಹಾಕಿ ಎರಡು ವಾರ ಕಾದಿದ್ದೆ.

ರೇಡಿಯೇಟರ್ ಅಂದರೆ ಬಾಯ್ಲರಿನ ಬಿಸಿನೀರು ಒಳಗೆ ಹರಿದು ಕೋಣೆಯನ್ನು ಬೆಚ್ಚಗಿಡುವ ಉಕ್ಕಿನ ಹಲಗೆ. ನಡುಮನೆಯದು ಮೇಲುಗಡೆ ಕೈ ಇಡಲಾಗದಷ್ಟು ಬಿಸಿ. ಕೆಳಗೆ ನಡುಭಾಗ ಮಾತ್ರ ತಣ್ಣಗೆ. ಅಂಗೈ ಸವರುತ್ತಾ ಇಳಿಸಿದರೆ ಬಿಸಿ ಎಲ್ಲಿ ನಿಂತಿತು ಅನ್ನೋದು ಚೆನ್ನಾಗಿ ಗೊತ್ತಾಗುತ್ತಿತ್ತು.

ಎಲ್ಲರೂ ಮೊದಲು ಹೇಳೋದು ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಬಿಡಿ ಅಂತ. ಅದು ಮೇಲ್ಭಾಗ ತಣ್ಣಗಿದ್ದರೆ ಸರಿಯಾದ ಮದ್ದು. ಹೀಟಿಂಗ್ ಆರಿಸಿ, ತಣ್ಣಗಾದ ಮೇಲೆ ಗಾಳಿ ಬಿಡುವ ತಿರುಪನ್ನು ಚಿಕ್ಕ ಕೀಲಿಯಿಂದ ಕಾಲು ಸುತ್ತು ತಿರುಗಿಸಿದರೆ ಉಸ್ ಅಂತ ಗಾಳಿ ಹೋಗುತ್ತದೆ. ನೀರು ಬಂದ ಕೂಡಲೇ ಮುಚ್ಚಬೇಕು, ಬಾಯ್ಲರಿನ ಒತ್ತಡ ಇಳಿದಿದ್ದರೆ ಮತ್ತೆ ಏರಿಸಬೇಕು. ನನ್ನ ರೇಡಿಯೇಟರಿನಲ್ಲಿ ಗಾಳಿಯೇ ಇರಲಿಲ್ಲ.

ಕೆಳಗೆ ತಣ್ಣಗಿದ್ದರೆ ಸಾಮಾನ್ಯವಾಗಿ ಒಳಗೆ ರಾಡಿ ಕೂತಿದೆ ಅಂತ ಅರ್ಥ. ಒಳಗಿನ ಉಕ್ಕು ತುಕ್ಕು ಹಿಡಿದು ಉಂಟಾಗುವ ಕಪ್ಪು ಪುಡಿ ಅದು, ಮ್ಯಾಗ್ನೆಟೈಟ್ ಅಂತಾರೆ. ಕ್ಲೀನರ್ ಸುರಿದು, ಎರಡು ವಾರ ಹೀಟಿಂಗ್ ಓಡಿಸಿ, ನೀರು ಬಸಿದೆ. ನೀರೇನೋ ಕಪ್ಪಗೆ ಬಂತು. ಬೇರೆ ಕೋಣೆಗಳ ರೇಡಿಯೇಟರುಗಳು ಸ್ವಲ್ಪ ಬೇಗ ಬಿಸಿಯಾಗತೊಡಗಿದವು. ಆದರೆ ನಡುಮನೆಯದು ಇದ್ದ ಹಾಗೇ ಇತ್ತು. ಕ್ಲೀನರ್ ಹೋಗೋದು ನೀರು ಹರಿಯುವ ಕಡೆ. ರಾಡಿ ಗಟ್ಟಿಯಾಗಿ ಕೂತ ಕಡೆ ನೀರು ಹರಿಯೋದೇ ಕಡಿಮೆ, ಅಲ್ವಾ?

ಯಂತ್ರ ತಂದು ಇಡೀ ಮನೆಯ ಪೈಪು ತೊಳೆಸುವ ಪವರ್ ಫ್ಲಶ್ ಕೂಡ ಇದೆ. ಬಾಟಲಿಯ ಬೆಲೆಯ ಎಷ್ಟೋ ಪಟ್ಟು ಖರ್ಚು. ಒಂದೇ ಒಂದು ರೇಡಿಯೇಟರಿಗೋಸ್ಕರ ನಾನು ಅದಕ್ಕೆ ಕೈ ಹಾಕಲಿಲ್ಲ.

ಇನ್ನು ಕಳಚೋದು. ಎರಡು ಸ್ಪ್ಯಾನರ್, ಅಗಲವಾದ ಟ್ರೇ, ಹಳೇ ಟವೆಲ್‌ಗಳು, ಜೊತೆಗೊಬ್ಬರು ಇದ್ದರೆ ಸಾಕು. ನಟ್ ಬಿಚ್ಚುವಾಗ ಇನ್ನೊಂದು ಸ್ಪ್ಯಾನರಿನಿಂದ ವಾಲ್ವನ್ನು ಗಟ್ಟಿಯಾಗಿ ಹಿಡಿಯಬೇಕು, ಇಲ್ಲದಿದ್ದರೆ ಪೈಪೇ ತಿರುಚಿಕೊಳ್ಳುತ್ತದೆ. ಒಂದು ತುದಿಯಲ್ಲಿ ಥರ್ಮೋಸ್ಟಾಟ್ ವಾಲ್ವ್ ಇದ್ದರೆ, ಇನ್ನೊಂದು ತುದಿಯಲ್ಲಿ ನೀರಿನ ಹರಿವಿನ ಪ್ರಮಾಣ ಹೊಂದಿಸಿಡುವ ಲಾಕ್‌ಶೀಲ್ಡ್ ವಾಲ್ವ್ ಇರುತ್ತದೆ. ಅದು ಎಷ್ಟು ಸುತ್ತು ತಿರುಗಿಸಿದಾಗ ಮುಚ್ಚಿತು ಅಂತ ಬರೆದಿಡಿ. ಮತ್ತೆ ಅಷ್ಟೇ ಸುತ್ತು ತೆರೆಯಬೇಕು.

ನನ್ನನ್ನು ಸತಾಯಿಸಿದ್ದು ಕೋಣೆಯ ಬಿಸಿ ನೋಡಿಕೊಂಡು ತಾನೇ ತೆರೆದು ಮುಚ್ಚುವ ಥರ್ಮೋಸ್ಟಾಟ್ ವಾಲ್ವ್. ಅದನ್ನು ಮಂಜಿನ ಚಿಹ್ನೆಗೆ ತಿರುಗಿಸಿ, ಮುಚ್ಚಿತು ಅಂದುಕೊಂಡೆ. ರೇಡಿಯೇಟರ್ ಹೊರಗೆ ಒಯ್ದೆವು. ಕಮಟು ವಾಸನೆ ಹೋಗಲಿ ಅಂತ ಕಿಟಕಿ ತೆರೆದಿಟ್ಟಿದ್ದೆ. ಒಳ್ಳೇ ಚಳಿ. ಮುಕ್ಕಾಲು ಗಂಟೆ ಬಿಟ್ಟು ಬಂದು ನೋಡಿದರೆ ಟ್ರೇ ತುಂಬಿ, ಕಪ್ಪು ನೀರು ಕಾರ್ಪೆಟ್ಟಿಗೆ ಇಳಿದಿತ್ತು.

ಮಂಜಿನ ಚಿಹ್ನೆ ಅಂದರೆ ಪೂರ್ತಿ ಬಂದ್ ಅಲ್ಲ. ಪೈಪು ಹೆಪ್ಪುಗಟ್ಟದಿರಲಿ ಅಂತ, ಕೋಣೆ ತುಂಬಾ ತಣ್ಣಗಾದರೆ ವಾಲ್ವ್ ತಾನಾಗಿಯೇ ತೆರೆದುಕೊಳ್ಳುತ್ತದೆ. ಕಿಟಕಿ ತೆರೆದು ಅದಕ್ಕೆ ಚಳಿ ಕೊಟ್ಟವನು ನಾನೇ. ಮೇಲಿನ ತಲೆ ತೆಗೆದು, ಪಿನ್ನನ್ನು ಪೂರ್ತಿ ಕೆಳಗೆ ಒತ್ತಿಹಿಡಿಯುವ ಮುಚ್ಚಳವನ್ನು ಬಿಗಿಯಬೇಕಿತ್ತು. ಕೆಲವು ವಾಲ್ವ್‌ಗಳ ಡಬ್ಬಿಯಲ್ಲೇ ಆ ಮುಚ್ಚಳ ಬರುತ್ತದೆ. ನಾನು ಅದನ್ನು ಸುಮ್ನೆ ಪ್ಯಾಕಿಂಗ್ ಅಂತ ಎಸೆದಿದ್ದೆ. ಕಾರ್ಪೆಟ್ಟಿನ ಕಲೆ ಇವತ್ತಿಗೂ ಹೋಗಿಲ್ಲ. ಈಗ ಮುಚ್ಚಳದ ಜೊತೆಗೆ, ವಾಲ್ವಿನ ತೆರೆದ ಬಾಯಿಗೂ ಒಂದು ಬಿರಡೆ ಹಾಕುತ್ತೇನೆ.

ಇಷ್ಟಾದರೂ ನನ್ನ ಮೆಚ್ಚುಗೆ ಇದಕ್ಕೇ. ಒಂದು ತುದಿಗೆ ನಲ್ಲಿಯ ಪೈಪ್ ಹಿಡಿದಾಗ ಮೊದಲು ಏನೂ ಬರಲಿಲ್ಲ. ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆವು. ಆಗ ಕಾಡಿಗೆಯಂಥ ಗಟ್ಟಿ ರಾಡಿ ಬಕೆಟ್ಟಿಗೆ ಬಿತ್ತು. ಅಯಸ್ಕಾಂತ ಅದ್ದಿದರೆ ಮುಳ್ಳುಮುಳ್ಳಾಗಿ ಅಂಟಿಕೊಂಡಿತು. ತಿಳಿನೀರು ಬರುವ ತನಕ ಎರಡೂ ತುದಿಯಿಂದ ತೊಳೆದು, ಮತ್ತೆ ಕೂರಿಸಿ, ತುಕ್ಕು ತಡೆಯುವ ಇನ್ಹಿಬಿಟರ್ ಸೇರಿಸಿದೆ. ಅವತ್ತು ರಾತ್ರಿಯೇ ಕೆಳಗಿನ ಅಂಚೂ ಬಿಸಿಯಾಯಿತು.

ನನಗೆ ಸ್ಪ್ಯಾನರ್ ಹಿಡಿದು ಅಭ್ಯಾಸ, ಒಂದು ಭಾನುವಾರ ಬಿಡುವೂ ಇತ್ತು. ಜೇಬು ನೋಡಿಕೊಂಡರೂ ನನಗೆ ಇದೇ ಸರಿ. ಭಾರ ಎತ್ತಲಾಗದವರಿಗೆ, ಅಥವಾ ಎಲ್ಲಾ ರೇಡಿಯೇಟರೂ ಸ್ವಲ್ಪ ಸ್ವಲ್ಪ ಮಂದವಾಗಿದ್ದರೆ, ಬಾಟಲಿಯೇ ಆಗಬಹುದು. ಮಲಗುವ ಕೋಣೆಯದನ್ನು ನಾನು ಬೇಸಿಗೆಯಲ್ಲಿ ಕಳಚುತ್ತೇನೆ. ಮುಚ್ಚಳ ಈಗಲೇ ತಂದಿಟ್ಟಿದ್ದೇನೆ.