ಎಫೆಸಸ್ ನೋಡೋಕೆ: ಖಾಸಗಿ ಗೈಡಾ, ಹಡಗಿನ ಟೂರಾ, ನಾವೇ ಹೋಗೋದಾ?

ಕ್ರೂಸ್ ಹಡಗು ಟರ್ಕಿಯ ಕುಶದಾಸಿ ಬಂದರಿನಲ್ಲಿ ನಿಂತರೆ, ಪ್ರಾಚೀನ ನಗರ ಎಫೆಸಸ್‌ನ ಅವಶೇಷಗಳು ಅಲ್ಲಿಂದ ಸುಮಾರು 20 ಕಿಲೋಮೀಟರ್. ದೂರ ಕಷ್ಟವಲ್ಲ, ಸಮಯವೇ ಕಷ್ಟ.

ಹಡಗಿನವರೇ ನಡೆಸುವ ಟೂರಿನ ದೊಡ್ಡ ಲಾಭ ಈ ಸಮಯದ ವಿಷಯದಲ್ಲೇ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನಿಮ್ಮ ಕಾರು ತಡವಾದರೆ ಕಾಯಲ್ಲ. ಮೊದಲ ಸಲ ಕ್ರೂಸ್ ಹೋಗುವವರಿಗೆ, ಹಡಗು ನಿಲ್ಲುವ ಹೊತ್ತು ಕಡಿಮೆ ಇದ್ದರೆ, ನಾನು ಇದನ್ನೇ ಹೇಳ್ತೀನಿ.

ಖರ್ಚಿನಲ್ಲಿ ಲೆಕ್ಕ ಬೇರೆ. ಹಡಗಿನವರು ತಲೆಗಿಷ್ಟು ಅಂತ ತಗೊಳ್ತಾರೆ. ಖಾಸಗಿ ಗೈಡ್ ಸಾಮಾನ್ಯವಾಗಿ ಗುಂಪಿಗಿಷ್ಟು. ಇಬ್ಬರಿಗೆ ಜಾಸ್ತಿ ಅನ್ನಿಸುತ್ತೆ, ಐದಾರು ಜನರಿಗೆ ಹಗುರ. ಪ್ರವೇಶ ಟಿಕೆಟ್ ಸೇರಿದೆಯಾ ಅಂತ ಮೊದಲೇ ಕೇಳಿ. ಹತ್ತಿರದ ಸೆಲ್ಚುಕ್ ಊರಿನ ಕಡೆಯ ಮಿನಿಬಸ್ ಹಿಡಿದು ನೀವೇ ಹೋದರೆ ಎಲ್ಲಕ್ಕಿಂತ ಅಗ್ಗ. ಆದರೆ ಅದು ಇಳಿಸೋದು ಕೆಳಗಿನ ಗೇಟಿನ ಕಡೆ. ಏರು ಹತ್ತಿ, ಮತ್ತೆ ಇಳಿಯಬೇಕು. ಓದಿಕೊಂಡು ಬಂದ, ಕಾಲು ಗಟ್ಟಿ ಇರುವವರಿಗೆ ಸರಿ.

ಖಾಸಗಿ ಗೈಡ್ ಇದ್ದರೆ ಮೇಲಿನ ಗೇಟಿನಲ್ಲಿ ಇಳಿದು ಕೆಳಕ್ಕೆ ನಡೆಯಬಹುದು. ಅಮೃತಶಿಲೆಯ ದಾರಿ ಸವೆದು ನುಣುಪಾಗಿದೆ, ಜಾರುತ್ತೆ. ನೆರಳೂ ಕಡಿಮೆ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಅವರ ನಡಿಗೆಗೆ ತಕ್ಕಂತೆ ನಿಲ್ಲೋದು ದೊಡ್ಡ ಸಮಾಧಾನ ಅಲ್ವಾ? ಅಲ್ಲಿನ ರೋಮನ್ ಕಾಲದ ಸೆಲ್ಸಸ್ ಗ್ರಂಥಾಲಯದ ಮುಂಭಾಗದಲ್ಲಿ ನಾಲ್ಕು ಸ್ತ್ರೀ ಮೂರ್ತಿಗಳಿವೆ. ಈಗಿರೋದು ಪ್ರತಿಗಳು, ಮೂಲ ವಿಯೆನ್ನಾದಲ್ಲಿದೆ. ಇಂಥದ್ದನ್ನು ನಿಂತು ಕೇಳೋಕೆ ಆಗೋದು ಚಿಕ್ಕ ಗುಂಪಿನಲ್ಲೇ. ಪಕ್ಕದ ಟೆರೇಸ್ ಮನೆಗಳ (ಇಳಿಜಾರಿನಲ್ಲಿ ಕಟ್ಟಿದ್ದ ರೋಮನ್ ಶ್ರೀಮಂತರ ಮನೆಗಳು) ಭಿತ್ತಿಚಿತ್ರ, ಮೊಸಾಯಿಕ್ ನೆಲ ಬಿಡಲೇಬೇಡಿ. ಹಡಗಿನ ಟೂರಿನಲ್ಲಿ ಅದು ಸೇರಿದೆಯಾ ನೋಡಿಕೊಳ್ಳಿ. ಖಾಸಗಿ ಗೈಡ್ ಆದರೆ ಪರವಾನಗಿ ಕೇಳಿ, ಹಡಗು ಹೊರಡುವುದಕ್ಕೆ ಎರಡು ಗಂಟೆ ಮೊದಲೇ ಬಂದರಿಗೆ ಬಿಡಲು ಹೇಳಿ.